ದಕ್ಷಿಣಕ್ಕೆ ಮುಖ ಮಾಡಿದ ಮನೆ

ಬಾಡಿಗೆ ಇಳಿಸುವುದರಲ್ಲಿ ನನ್ನನ್ನು ಮೀರಿಸುವವನು ಹಡ್ಸನ್ ನದಿಯ ಎರಡೂ ದಡದಲ್ಲಿ ಇನ್ನೂ ಹುಟ್ಟಿಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ. ಅವಳು ಇದನ್ನೇ ಹೇಳುತ್ತಾಳೆ, ಸ್ವಲ್ಪ ಬೇರೆ ಧಾಟಿಯಲ್ಲಿ.

ರಿಟೈರ್ ಆದ ಮೇಲೆ ಕೆಂಡಲ್ ಪಾರ್ಕಿನ ಮನೆಯಲ್ಲಿ ಕೂತು ಅವಳ ಸಾರಿಗೆ, ಪಲ್ಯಕ್ಕೆ ಹೆಸರಿಡುತ್ತಿದ್ದೆ. ತಡೆಯಲಾರದೆ ಅವಳೇ ನನಗೊಂದು ಕೆಲಸ ಹುಡುಕಿದಳು. ನ್ಯೂಯಾರ್ಕಿನಲ್ಲಿ ಆಶ್ರಯ ಕೇಳಿ ಬಂದ ಕುಟುಂಬಗಳನ್ನು ಸರ್ಕಾರ ತನ್ನ ಖರ್ಚಿನಲ್ಲಿ ಹೋಟೆಲುಗಳಲ್ಲಿ ಇರಿಸಿತ್ತು. ಬಿಲ್ಲು ನೋಡಿ ಸರ್ಕಾರದ ಎದೆಯೇ ಧಸಕ್ಕೆಂದಿತು. ಅವರನ್ನು ಕಡಿಮೆ ಬಾಡಿಗೆಯ ಮನೆಗಳಿಗೆ ಸಾಗಿಸುವ ಗುತ್ತಿಗೆ ಒಂದು ಸಣ್ಣ ಸಂಸ್ಥೆಗೆ ಸಿಕ್ಕಿತ್ತು. ಮನೆ ಹುಡುಕಿ, ಮಾಲೀಕರನ್ನು ಮಾತಿನಲ್ಲಿ ಮಣಿಸುವುದು ನನ್ನ ಪಾಲಿನ ಕೆಲಸ.

ಉಳಿದವರು ಕಂಪ್ಯೂಟರಿನಲ್ಲಿ ಮನೆ ಹುಡುಕುತ್ತಿದ್ದರು. ನಾನು ದಿಕ್ಸೂಚಿ ಹಿಡಿದು ಹುಡುಕುತ್ತಿದ್ದೆ. ನಮ್ಮ ದೇಶದವರು ಬಾಡಿಗೆಗೆಂದು ಕೊಂಡ ಮನೆಗಳಲ್ಲಿ ಪೂರ್ವದ ಬಾಗಿಲಿನವು ಜಾಹೀರಾತು ಕೊಡುವ ಮೊದಲೇ ಹೋಗುತ್ತವೆ. ದಕ್ಷಿಣದ ಬಾಗಿಲಿನವು ಯಮನ ದಿಕ್ಕೆಂದು ಖಾಲಿ ಬೀಳುತ್ತವೆ. ಚಳಿಗಾಲದಲ್ಲಿ ಎದುರು ಸಾಲಿನವರು ಸಲಿಕೆ ಹಿಡಿದು ಹಿಮದ ಜೊತೆ ಕುಸ್ತಿ ಆಡುವಾಗ ಈ ಬಾಗಿಲುಗಳ ಮುಂದೆ ಬಿಸಿಲು ಬಿದ್ದು ಹಿಮ ತಾನಾಗಿ ಕರಗಿರುತ್ತದೆ. ಯಮ ಅಷ್ಟಾದರೂ ಉಪಕಾರ ಮಾಡುತ್ತಾನೆ. ಹೀಗೆ ಹಲವು ಮನೆ ಹಿಡಿದು ಆಫೀಸಿನಲ್ಲಿ ಹೀರೋ ಆಗಿದ್ದೆ.

ಆ ಚಳಿಗಾಲದಲ್ಲಿ ಒಂದು ಹೋಟೆಲ್ ಮುಚ್ಚಬೇಕಾಯಿತು. ಕೊನೆಗೆ ಉಳಿದವಳು ಈಕ್ವೆಡಾರಿನಿಂದ ಬಂದ ಒಬ್ಬ ತಾಯಿ, ಸೊಂಟದ ಮೇಲೊಂದು ಮಗು. ಹತ್ತಿರದಲ್ಲಿ ಮನೆ ಸಿಗದಿದ್ದರೆ ಅವಳನ್ನು ದೂರದ ಬಫಲೋಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅವಳಿಗೆ ಒಂದು ಲಾಂಡ್ರಿಯಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಅವಳು ದುಡಿಯುವಾಗ ಮಗುವನ್ನು ನೋಡಿಕೊಳ್ಳಲು ಅದೇ ಊರಿನಲ್ಲಿ ಅಕ್ಕ ಇದ್ದಳು. ಬಫಲೋಗೆ ಹೋದರೆ ಕೆಲಸವೂ ಇಲ್ಲ, ಅಕ್ಕನೂ ಇಲ್ಲ.

ಅಕ್ಕನ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಹುಬ್ಬಳ್ಳಿ ಕಡೆಯವರೊಬ್ಬರ ಮನೆ ಖಾಲಿ ಇತ್ತು. ಬಾಗಿಲು ನೆಟ್ಟಗೆ ದಕ್ಷಿಣಕ್ಕೆ. ನೋಡಲು ಬಂದ ನಮ್ಮವರು ಕಾರಿನಿಂದ ಇಳಿಯದೆಯೇ ತಿರುಗಿ ಹೋಗಿದ್ದರಂತೆ. ಸುಲಭದ ಬೇಟೆ ಎಂದುಕೊಂಡು, ತಾಯಿ ಮಗುವನ್ನೂ ಕರೆದುಕೊಂಡು ಹೋದೆ. ಮಾಲೀಕರು ಮಗುವನ್ನು ನೋಡಿದ್ದೇ ಬೀಗದ ಕೈಯನ್ನು ಜೇಬಿಗೆ ಇಳಿಸಿದರು.

"ಆಗೂದಿಲ್ರೀ ಸರ. ಪಾಪ, ಮೊದಲ ಕಷ್ಟದಾಗ ಬಂದಾಳ. ಈ ಬಾಗಿಲದಾಗ ಹ್ಯಾಂಗ ಇಡೂದು? ನಾಳೆ ಕೂಸಿಗೆ ಏನಾರ ಆತಂದ್ರ ನನಗ ನಿದ್ದಿ ಹತ್ತತದೇನು?"

ದುಡ್ಡಿನಾಸೆಯ ಮಾಲೀಕರನ್ನು ನಾನು ಬೇಕಾದಷ್ಟು ಮಣಿಸಿದ್ದೇನೆ. ಒಳ್ಳೆಯ ಮನಸ್ಸಿನವನು ಎದುರಾದದ್ದು ಇದೇ ಮೊದಲು. ಆದರೂ ನಾನು ಸೋಲುವ ಜಾತಿಯಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತವೊಂದು ನನ್ನ ಕೋಟಿನ ತೋಳಿನಲ್ಲಿ ಸದಾ ಸಿದ್ಧವಾಗಿರುತ್ತದೆ.

"ಯಾರ್ ಸ್ವಾಮಿ ನಿಮ್ಗೆ ದಕ್ಷಿಣ ಅಂದಿದ್ದು? ನೋಡಿ ಇಲ್ಲಿ, ಅಪ್ಪಟ ಪೂರ್ವ!" ಎಂದು ದಿಕ್ಸೂಚಿಯನ್ನು ಅವರ ಮೂಗಿನ ಕೆಳಗೆ ಹಿಡಿದೆ. ಮುಳ್ಳು ವಿಧೇಯವಾಗಿ ತಿರುಗಿತು.

ಅವರು ಮುಳ್ಳನ್ನೂ ನೋಡಿದರು, ನನ್ನ ತೋಳನ್ನೂ ನೋಡಿದರು. "ಸರ, ನಾ ಎಲೆಕ್ಟ್ರಿಕಲ್ ಇಂಜಿನಿಯರ್ ಅದೀನಿ. ತೋಳಿನಾಗಿಂದು ತಗೀರಿ."

ತೆಗೆದೆ. ಅದು ಅನಾನಸಿನ ಆಕಾರದಲ್ಲಿತ್ತು. ಮಗು ಕೈಚಾಚಿ ಅದನ್ನು ಕಿತ್ತುಕೊಂಡಿತು.

ಅಷ್ಟರಲ್ಲಿ ಆ ತಾಯಿ ಫೋನ್ ಮುಂದೆ ಹಿಡಿದು ಏನು ಜಗಳವೆಂದು ಕೇಳಿದಳು. ಅವಳ ಭಾಷೆಯನ್ನು ಅದು ಇಂಗ್ಲಿಷಿಗೆ ತಿರುಗಿಸುತ್ತಿತ್ತು. ದಕ್ಷಿಣ ಸಾವಿನ ದಿಕ್ಕು, ನಿನಗೆ ಕೇಡಾಗಬಾರದೆಂದು ಈತ ಮನೆ ಕೊಡುತ್ತಿಲ್ಲ ಎಂದು ವಿವರಿಸಿದೆ. ಅವಳು ಹೊಸಿಲ ಮೇಲೆ ನಿಂತು ಬಿಸಿಲಿನ ಕಡೆ ನೋಡಿದಳು. ಆಮೇಲೆ ಫೋನಿಗೆ ನಿಧಾನವಾಗಿ ಹೇಳಿದಳು: ನಾನು ಆ ದಿಕ್ಕಿನಿಂದಲೇ ಕಾಡು ದಾಟಿ ನಡೆದು ಬಂದವಳು. ಅಲ್ಲಿಂದ ಬರಬೇಕಾದದ್ದೆಲ್ಲ ಬಂದು ಹೋಯಿತು. ಈಗ ನನಗೆ ಭಯವಿರುವುದು ಉತ್ತರದ್ದು. ಬಫಲೋ ಇರುವುದು ಆ ಕಡೆ.

ಮಾಲೀಕರು ಜೇಬಿಗೆ ಕೈ ಹಾಕಿದರು. ಬೀಗದ ಕೈ ಹೊರಬಂತು.

"ಬಾಡಿಗಿ ನೀವ ಹೇಳ್ರಿ ಸರ," ಎಂದರು.

ಹೇಳಿದೆ. ಅವರು ಅದರಲ್ಲೂ ಸ್ವಲ್ಪ ಇಳಿಸಿದರು. ನನ್ನ ವೃತ್ತಿಗೇ ಅವಮಾನ!

ಸಾಗಿಸುವ ದಿನ ಇನ್ನೊಂದು ತಕರಾರು. ರಾಹುಕಾಲ ಕಳೆಯದೆ ಒಳಗೆ ಕಾಲಿಡಕೂಡದೆಂದು ಮಾಲೀಕರು ಬಾಗಿಲಿಗೆ ಅಡ್ಡ ನಿಂತರು. ವ್ಯಾನಿನವನಿಗೆ ಗಂಟೆ ಲೆಕ್ಕದ ಬಾಡಿಗೆ.

"ನಿಮ್ಮ ರಾಹುವಿನ ಬಿಲ್ಲನ್ನ ಸರ್ಕಾರ ಪಾಸ್ ಮಾಡಲ್ಲ ಕಣ್ರೀ," ಎಂದೆ.

"ನಾ ಕೊಡ್ತೀನ್ರೀ. ನೀವು ಸುಮ್ನ ನಿಂದರ್ರಿ," ಎಂದರು.

ನಿಂತೆವು. ಅಕ್ಕ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ನಡೆದೇ ಬಂದಳು. ಬಿಸಿಲು ಬಿದ್ದ ಮೆಟ್ಟಿಲ ಮೇಲೆ ಎಲ್ಲರೂ ಕೂತು ಕುಡಿದೆವು. ಎದುರು ಸಾಲಿನವರು ಹಿಮ ಎತ್ತಿಹಾಕುತ್ತಾ ನಮ್ಮನ್ನೇ ನೋಡುತ್ತಿದ್ದರು. ಹೊತ್ತು ಕಳೆಯಿತು. "ಬಲಗಾಲು, ಬಲಗಾಲು!" ಎಂದು ಮಾಲೀಕರು ತಮ್ಮ ತೊಡೆ ತಟ್ಟಿ ತೋರಿಸಿದರು. ಅವಳಿಗೆ ಏನರ್ಥವಾಯಿತೋ, ಮಗುವನ್ನು ಎತ್ತಿಕೊಂಡು ಎರಡೂ ಕಾಲು ಜೋಡಿಸಿ ಒಂದೇ ನೆಗೆತಕ್ಕೆ ಒಳಗೆ ಹಾರಿದಳು. ಹಿಂದೆಯೇ ಅಕ್ಕನೂ ಹಾರಿದಳು.