ಎಪ್ಪತ್ನಾಲ್ಕು ಫಿರಂಗಿಗಳ ಆಯುಧಪೂಜೆ

ನಾವಿರುವ ಪರದೇಶದ ಪರ್ತ್ ನಗರದಲ್ಲಿ ಗಣಿ ಕೆಲಸಗಳು ಇಳಿಮುಖವಾಗಿದ್ದ ವರ್ಷಗಳವು. ವೆಲ್ಷ್‌ಪೂಲ್ ಬಡಾವಣೆಯ ಗಣಿಯಂತ್ರಗಳ ವರ್ಕ್‌ಶಾಪಿನಿಂದ ಬೇಗ ಮನೆಗೆ ಬಂದು, ಗರಾಜಿನಲ್ಲಿ ಮರದ ಹಡಗು ಕಟ್ಟುತ್ತಿದ್ದೆ. ಹದಿನೆಂಟನೇ ಶತಮಾನದ ಫ್ರೆಂಚ್ ಯುದ್ಧನೌಕೆಯ ಮಾದರಿ, ಎಪ್ಪತ್ನಾಲ್ಕು ಫಿರಂಗಿ. ಮೂರು ವರ್ಷ ಹಿಡಿಯಿತು. ಒಂದು ಫಿರಂಗಿಯೂ ಅಂಗಡಿಯದಲ್ಲ, ಎಲ್ಲ ನಾನೇ ಲೇತಿನಲ್ಲಿ ಕಡೆದದ್ದು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಮಾದರಿ ಹಡಗುಗಳ ಸ್ಪರ್ಧೆಯ ಹಿಂದಿನ ದಿನವೇ ಆಯುಧಪೂಜೆ. ಸಂಜೆ ಬಂದು ನೋಡಿದರೆ ಕಾರಿನ ಜೊತೆ ಹಡಗಿಗೂ ಪೂಜೆಯಾಗಿದೆ! ಚಕ್ರವಿಲ್ಲವೆಂದು ನಿಂಬೆಹಣ್ಣು ಎದುರಿಗೆ ಕೂತಿದೆ. ಮೂತಿಯ ಮೇಲೆ ಒದ್ದೆ ಕುಂಕುಮದ ಮೂರು ಬೊಟ್ಟು. ವಾರ್ನಿಷ್ ಕಾಣದ ಮರ ಅದನ್ನು ಹೀರಿಕೊಂಡುಬಿಟ್ಟಿತ್ತು.

“ಏನೇ ಮಾಡ್ಬಿಟ್ಟೆ? ಒಂದೊಂದು ಕಲೆಗೂ ಮಾರ್ಕ್ಸ್ ಕಟ್ ಮಾಡ್ತಾರೆ!”

“ಫಿರಂಗಿ ಇದೆ ಅಂದ್ಮೇಲೆ ಆಯುಧ ತಾನೇ ರೀ?” ಎಂದಳು ಹೆಂಡತಿ.

ನನಗೆ ಮೈಯೆಲ್ಲ ಉರಿಯಿತು. ಸ್ಯಾಂಡ್‌ಪೇಪರ್ ಕೈಗೆತ್ತಿಕೊಂಡೆ. ಪಕ್ಕದಲ್ಲಿ ಪ್ರದರ್ಶನಕ್ಕೆಂದು ನಾನು ಬರೆದಿಟ್ಟ ಕಾರ್ಡಿತ್ತು, ಹಡಗಿನ ಜೀವನಚರಿತ್ರೆ: ಫ್ರಾನ್ಸಿನಲ್ಲಿ ಹುಟ್ಟಿತು. ಇಂಗ್ಲಿಷರ ಕೈಗೆ ಸಿಕ್ಕಿತು. ಹೆಸರು ಅಳಿಸಿ, ತನ್ನವರ ಮೇಲೆಯೇ ಯುದ್ಧಕ್ಕೆ ಕಳಿಸಿದರು. ಮುದಿಯಾದಾಗ ಹಾಯಿಕಂಬಗಳನ್ನು ಕಿತ್ತು ಸೆರೆಮನೆ ಮಾಡಿದರು. ಆಮೇಲೆ ಒಡೆದುಹಾಕಿದರು.

ಅವಳು ಅದನ್ನು ನಿಧಾನವಾಗಿ ಓದಿದಳು.

“ಅವ್ರು ಹೆಸ್ರು ಉಜ್ಜಿದ್ರು, ನೀವು ಕುಂಕುಮ ಉಜ್ಜಿ. ಇಷ್ಟು ದುಡಿದ ಹಡಗಿಗೆ ಒಂದ್ ಹೂವಾದ್ರೂ ಇಟ್ಟೋರಿದ್ರಾ?”

ಸ್ಯಾಂಡ್‌ಪೇಪರ್ ಕೆಳಗಿಟ್ಟೆ. ಹಾಗೆಂದು ಸಿಟ್ಟೇನೂ ಇಳಿಯಲಿಲ್ಲ. ತಟ್ಟೆ ತಂದು ಗರಾಜಿನಲ್ಲೇ ಊಟ ಮಾಡಿದೆ.

ಮರುದಿನ ವಯಸ್ಸಾದ ತೀರ್ಪುಗಾರರೊಬ್ಬರು ಭೂತಗನ್ನಡಿ ಹಿಡಿದು ಬಗ್ಗಿದರು. ಕೆಂಪು ಕಲೆಯ ಹತ್ತಿರ ನಿಂತು, ಯುದ್ಧದ ರಕ್ತವನ್ನು ತೋರಿಸಿದ್ದೀರಾ ಎಂದು ಮೆಚ್ಚುಗೆಯಿಂದಲೇ ಕೇಳಿದರು. ಹೌದು ಎಂದರೆ ಅಂಕ ಉಳಿಯುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಪಕ್ಕದಲ್ಲಿ ಅವಳು ರೇಷ್ಮೆ ಸೀರೆ ಉಟ್ಟು, ಹಡಗನ್ನು ತಾನೇ ಹೆತ್ತವಳ ಹಾಗೆ ನಿಂತಿದ್ದಳು.

“ಅಲ್ಲ,” ಎಂದೆ. ಜೇಬಿನಿಂದ ಪೆನ್ನು ತೆಗೆದೆ.

ಬಹುಮಾನ ಬೇರೆ ಯಾರಿಗೋ ಹೋಯಿತು. ಹಡಗು ಈಗ ನಮ್ಮ ನಡುಮನೆಯಲ್ಲಿದೆ, ಕುಂಕುಮವೂ ಇದೆ. ಬಂದವರಿಗೆಲ್ಲ ಆ ಕಾರ್ಡು ಓದಿಸುತ್ತೇನೆ. ಕೊನೆಯ ಸಾಲನ್ನು ನಾನು ಅಲ್ಲೇ ನಿಂತು ಸೇರಿಸಿದ್ದು: ‘ಪರ್ತಿನಲ್ಲಿ, ನನ್ನ ಹೆಂಡತಿಯ ಕೈಯಿಂದ, ಮೊದಲ ಸಲ ಪೂಜೆ ಪಡೆಯಿತು.’