ಬೆಲ್ಲದ ಕೊಪ್ಪರಿಗೆಯಲ್ಲಿ ನೀರು ದಾಟಿದ್ದು

ನಾನು ತೆಲಸಂಗದವಳು. ಕೊಡ ನೀರಿಗೆ ಸರದಿ ಹಿಡಿದು ಬೆಳೆದವಳನ್ನು ತಂದು ಕೃಷ್ಣೆಯ ದಂಡೆಯ ಸತ್ತಿ ಎಂಬ ಊರಿಗೆ ಕೊಟ್ಟರು. ಹೊಳೆ ಕಂಡರೆ ಕಣ್ಣು ತಣ್ಣಗಾಗುತ್ತದೆ ಎನ್ನುವವರು ಎನ್ನಲಿ, ನನಗೆ ಮಾತ್ರ ಎದೆ ಡವಡವ ಎನ್ನುತ್ತಿತ್ತು. ಬಟ್ಟೆ ಒಗೆಯಲು ಹೋದರೂ ಮೇಲಿನ ಮೆಟ್ಟಿಲು ಬಿಟ್ಟು ಇಳಿಯುತ್ತಿರಲಿಲ್ಲ. ಓಣಿಯ ಹೆಂಗಸರು ನಗುತ್ತಿದ್ದರು.

ತೊಂಬತ್ತರ ದಶಕದ ಆರಂಭದ ಒಂದು ಶ್ರಾವಣ. ಹೊಳೆ ಏರಿ ಹೊಲಗಳನ್ನೆಲ್ಲ ನುಂಗಿ, ಅಥಣಿಯ ರಸ್ತೆಯ ಮೇಲೆ ಆಳುದ್ದ ನೀರು ಹರಿಯುತ್ತಿತ್ತು. ಅಂಥ ದಿನಗಳಲ್ಲಿ ನಮ್ಮೂರವರು ಗಾಣದ ಮನೆಯಿಂದ ಬೆಲ್ಲ ಕಾಯಿಸುವ ದೊಡ್ಡ ಕೊಪ್ಪರಿಗೆಯನ್ನು ಉರುಳಿಸಿ ತಂದು ನೀರಿಗೆ ಬಿಡುತ್ತಿದ್ದರು. ಅದೇ ದೋಣಿ. ಇಬ್ಬರು ಈಜುಗಾರರು ಅಂಚು ಹಿಡಿದು ದಬ್ಬಿಕೊಂಡು ಹೋಗುತ್ತಿದ್ದರು. ಆಗ ನನ್ನ ಮಗಳಿಗೆ ಐದು ತಿಂಗಳು. ಎರಡು ದಿನದಿಂದ ವಾಂತಿಭೇದಿ, ಅಳುವ ಶಕ್ತಿಯೂ ಉಳಿದಿರಲಿಲ್ಲ. ಅಥಣಿಯ ಡಾಕ್ಟರರ ಹತ್ತಿರ ಮುಟ್ಟಿಸದಿದ್ದರೆ ಕೂಸು ಉಳಿಯುವುದಿಲ್ಲ ಎಂದು ಸೂಲಗಿತ್ತಿ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಗಂಡ ಕೆಲಸಕ್ಕೆಂದು ಮಿರಜಿಗೆ ಹೋಗಿದ್ದರು. ಅತ್ತೆ, ನಾನು, ನನ್ನ ಮಡಿಲಲ್ಲಿ ಕೂಸು, ಕೊಪ್ಪರಿಗೆಯಲ್ಲಿ ಕುಳಿತೆವು.

ಅಲುಗಾಡಬೇಡಿರಿ ಎಂದು ಈಜುಗಾರರು ಹತ್ತು ಸಲ ಹೇಳಿದ್ದರು. ಆದರೆ ಮೊದಲ ಸಲ ಹೊಳೆ ನೀರು ದಾಟುವ ಸೊಸೆ ನಡುನೀರಿನಲ್ಲಿ ಅರಿಷಿಣ ಕುಂಕುಮ ಬಿಡದೆ ಹೋಗುವಂತಿಲ್ಲ. ಗಂಗವ್ವನಿಗೆ ನಿನ್ನ ಕೈಯಿಂದಲೇ ಬಿಡು ಎಂದು ಅತ್ತೆ ಪೊಟ್ಟಣ ಕೊಟ್ಟರು. ನಾನೋ ಅಂಜುಬುರುಕಿ, ಕಣ್ಣು ಮುಚ್ಚಿಕೊಂಡು ಒಮ್ಮೆಲೇ ಬಾಗಿದೆ. ಕೊಪ್ಪರಿಗೆ ವಾಲಿತು. ತಣ್ಣನೆಯ ರಾಡಿ ನೀರು ಮಡಿಲಿಗೆ ನುಗ್ಗಿತು.

ಕೊಪ್ಪರಿಗೆ ನೆಟ್ಟಗಾದಾಗ ನನ್ನ ಕೈಗಳು ಅಂಚನ್ನು ಹಿಡಿದಿದ್ದವು. ಎರಡೂ ಕೈ. ಮಡಿಲಲ್ಲಿ ಕೂಸಿರಲಿಲ್ಲ. ಅದರ ಒಂದು ಕಾಲು ಅತ್ತೆಯ ಮುಷ್ಟಿಯಲ್ಲಿತ್ತು. ಅವರು ಅದನ್ನು ನೀರಿನಿಂದ ಎಳೆದು ಎದೆಗೆ ಒತ್ತಿಕೊಂಡರು. ಅದು ಸಣ್ಣಗೆ ಕೆಮ್ಮಿತು. ಅತ್ತೆ ನನ್ನ ಕೈಗಳನ್ನೇ ನೋಡುತ್ತಿದ್ದರು.

ಆಚೆ ದಂಡೆಯಲ್ಲಿ ಬಸ್ಸು ಕಾಯುತ್ತಿದ್ದ ಜನ ಏನಾಯಿತೆಂದು ಕೇಳಿದರು. ಕೊಪ್ಪರಿಗೆ ವಾಲಿತು, ಆದರೂ ನಮ್ಮ ಸೊಸೆ ಕೂಸನ್ನು ಬಿಡಲಿಲ್ಲ ಎಂದು ಅತ್ತೆ ಹೇಳಿಬಿಟ್ಟರು. ಆಮೇಲೆ ಕೂಸನ್ನು ನನ್ನತ್ತ ಚಾಚಿದರು. ನನ್ನ ಕೈ ಮುಂದೆ ಬರಲಿಲ್ಲ.

'ನೀವ ಹಿಡ್ಕೋರಿ ಅತ್ತಿ, ನನಗ ಅಂಜಿಕಿ ಬರ್ತೈತಿ' ಎಂದೆ.

'ಅಂಜಕೋಂತನ ಹಿಡಿ' ಎಂದರು.

ಮಗಳು ಉಳಿದಳು. ಅಜ್ಜಿ ಹೇಳಿದ್ದನ್ನೇ ನಂಬಿಕೊಂಡು, ನಮ್ಮವ್ವ ಹೊಳೆಯಲ್ಲೂ ನನ್ನನ್ನು ಬಿಡಲಿಲ್ಲ ಎಂದು ಇವತ್ತಿಗೂ ನಾಲ್ಕು ಜನರ ಮುಂದೆ ಹೇಳುತ್ತಾಳೆ. ಪ್ರತಿ ಸಲವೂ ನಾನು ಹೂಂ ಎನ್ನುತ್ತೇನೆ.