ಒಡೆಯದೆ ಕೊಟ್ಟ ಕಾಯಿ

...ಎಡಗಾಲೇ ಇರಬೇಕು. ಕಿರುಬೆರಳೂ ಅದರ ಪಕ್ಕದ ಬೆರಳೂ ಇರಲಿಲ್ಲ. ಆ ಜಾಗದ ಚರ್ಮ ಹೊಳೆಯ ಕಲ್ಲಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಆದರೆ ನೆಲಕ್ಕೆ ನೆಟ್ಟ ಹಾರೆಯ ಮುಂದೆ ನಿಂತು ಕಾಯಿ ಸುಲಿಯುವಾಗ ಅವರು ಮುಂದಿಡುತ್ತಿದ್ದದ್ದು ಬಲಗಾಲು. ಎದುರಿಗೆ ಕೂತ ನನಗೆ ಕಾಣುತ್ತಿದ್ದದ್ದೂ ಅದೇ. ಹಾಗಾದರೆ ಬೆರಳಿಲ್ಲದ ಕಾಲು ಅದೇ ಅಲ್ಲವೇ? ಇಷ್ಟನ್ನೇ ನೆಟ್ಟಗೆ ಉಳಿಸಿಕೊಳ್ಳದ ನೆನಪು ಮಿಕ್ಕದ್ದನ್ನು ನೆಟ್ಟಗೆ ಉಳಿಸಿದೆ ಎಂದು ಹೇಗೆ ನಂಬಲಿ?

ನಾನು ಅವರನ್ನು ಮಾವ ಎನ್ನುತ್ತಿದ್ದೆ. ನೆಂಟಸ್ತನವೇನೂ ಇರಲಿಲ್ಲ. ತುರುವೇಕೆರೆ ಕಡೆಯ ನಮ್ಮೂರಿನಲ್ಲಿ ತೋಟವಿದ್ದ ಮನೆಗಳಿಗೆಲ್ಲ ಕೊಬ್ಬರಿ ಕಾಯಿ ಸುಲಿದುಕೊಡುತ್ತಿದ್ದವರು ಅವರು. ವರ್ಷದ ಹತ್ತಿರ ಅಟ್ಟದಲ್ಲಿ ಬಿದ್ದಿದ್ದು, ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾದ ಕಾಯಿ ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಮಾವ ಒಂದೊಂದನ್ನೂ ಕಿವಿಯ ಬಳಿ ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸುತ್ತಿದ್ದರು. ಅದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಯಾರು ಬಂದರೂ ಒಂದು ಚೂರು ಕೊಬ್ಬರಿ ಕೈಗಿಟ್ಟು, ಅವರು ಅದನ್ನು ಬಾಯಿಗೆ ಹಾಕಿಕೊಳ್ಳುವವರೆಗೂ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಜೇಬಿಗಿಳಿಸಿದರೆ ಸಿಟ್ಟು ಬರುತ್ತಿತ್ತು. “ಜೇಬಿಗ್ಯಾಕ್ಲಾ? ಅದಕ್ಕೇನು ಹಲ್ಲಿದಾವಾ? ಬಾಯ್ಗಾಕ್ಕೋ, ನಾನು ನೋಡ್ಬೇಕು.”

ಬೆರಳು ಹೋದದ್ದು ಜಪಾನಿನಲ್ಲಿ ಎನ್ನುತ್ತಿದ್ದರು. ದೊಡ್ಡ ಯುದ್ಧ ಮುಗಿದ ಮೇಲೆ ಬ್ರಿಟಿಷರ ಸೈನ್ಯದ ಲಾರಿ ಓಡಿಸಿಕೊಂಡು ಅಲ್ಲೊಂದು ಚಳಿಗಾಲ ಕಳೆದಿದ್ದರಂತೆ. ಊರು ಅರ್ಧ ನಂಬಿತ್ತು. ಅವರ ಹೆಂಡತಿ, ನನಗೆ ಅತ್ತೆ, ಅಷ್ಟೂ ನಂಬಿರಲಿಲ್ಲ.

“ಹಾರೆಗೆ ಬೆರಳು ಕೊಟ್ಟು ಜಪಾನು ಅಂತದೆ ನೋಡಪ್ಪ ಈ ಗಂಡ್ಸು.”

“ನೀನು ಬಂದಿದ್ಯೇನೇ ನೋಡಕ್ಕೆ?”

“ನಾನು ಬಂದಿದ್ರೆ ಬೂಟು ಬಿಚ್ಚಕ್ಕೆ ಬುಡ್ತಿದ್ನಾ?”

ಬೂಟಿನ ಕತೆ ಇಡೀ ಊರಿಗೆ ಗೊತ್ತಿತ್ತು. ಶಿಬಿರದ ಎದುರು ಒಂದು ಬೆಟ್ಟ, ನಮ್ಮ ಕಂದಿಕೆರೆ ಕಡೆಯ ಗುಡ್ಡದಷ್ಟು ಎತ್ತರ. ಬುಡದಿಂದ ತುದಿಯವರೆಗೆ ಕಲ್ಲಿನ ಮೆಟ್ಟಿಲು. ಮೆಟ್ಟಿಲಿದೆ ಎಂದ ಮೇಲೆ ಮೇಲೆ ದೇವರು ಇರಲೇಬೇಕು. ರಜೆಯ ದಿನ ಬೂಟುಗಳನ್ನು ಬುಡದಲ್ಲಿ ಬಿಟ್ಟು, ಊರಿಂದ ತಂದಿದ್ದ ಕೊನೆಯ ಕಾಯಿ ಹಿಡಿದು, ಬರಿಗಾಲಲ್ಲಿ ಹತ್ತಿದರು. ಅರ್ಧ ದಾರಿಯಿಂದ ಮೇಲೆ ಹಿಮ; ಎರಡು ಬೆರಳು ಸತ್ತದ್ದು ಅದಕ್ಕೇ. ತುದಿಯಲ್ಲಿ ಗುಡಿಯಿಲ್ಲ, ದೇವರಿಲ್ಲ, ದೀಪವಿಡುವ ಮಾಡೂ ಇಲ್ಲ. ಯಾವನೋ ದೊರೆಯ ಕೋಟೆ ಇದ್ದ ಜಾಗ. ಮೂರು ಹಂತದ ಬಯಲು, ಸುತ್ತ ಕಲ್ಲಿನ ಗೋಡೆ, ಒಂದು ಬಾವಿ. ಸೌದೆ ಆಯುತ್ತಿದ್ದ ಮುದುಕಿಯೊಬ್ಬಳು ಇವರ ಕಾಲು ನೋಡಿ ಕೂಗಿಕೊಂಡು ಬಂದು, ಕೂರಿಸಿ, ಹುಲ್ಲಿನಿಂದ ಉಜ್ಜಿ, ತನ್ನ ಹುಲ್ಲಿನ ಕೆರ ತೊಡಿಸಿ ಕೆಳಗಿಳಿಸಿದಳು. ಇವರು ಕಾಯಿಯನ್ನು ಅವಳಿಗೆ ಕೊಟ್ಟು ಬಂದರು. ಕತೆ ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು.

ಎಂಬತ್ತರ ದಶಕದ ಶುರುವಿಗೆ ನಾನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿದ್ದೆ. ಹೊಸ ಯಂತ್ರದ ತರಬೇತಿಗೆ ಮೂರು ತಿಂಗಳು ಜಪಾನಿಗೆ ಕಳಿಸುತ್ತಾರೆಂದು ಗೊತ್ತಾದಾಗ ಊರಿಗೆ ಹೋಗಿ ಮಾವನಿಗೆ ಹೇಳಿದೆ. ಅವರು ಹಾರೆಯಿಂದ ಹಿಂದೆ ಸರಿದು ಸಿಪ್ಪೆಯ ರಾಶಿಯ ಮೇಲೆ ಕೂತರು. ಆಗ ಕತೆ ಮೊದಲ ಸಲ ಮುಂದಕ್ಕೆ ಹೋಯಿತು.

“ಆ ಕಾಯಿ ತಿನ್ನಾದು ಅಂತ ಹೇಳಕ್ಕೆ ನಂಗೆ ಬರ್ಲಿಲ್ಲ ಕಣಪ್ಪ. ಅಲ್ಲಾಡ್ಸಿ ತೋರ್ಸ್ದೆ. ಆ ಮುದ್ಕವ್ವನೂ ಕಿವಿಗಿಟ್ಕೊಂಡು ಅಲ್ಲಾಡ್ಸಿ ನಕ್ಳು. ಮಕ್ಕಳ ಗಿಲಕಿ ಅನ್ಕೊಂಡ್ಳೇನೋ. ಹೊಟ್ಟೆಗಿಲ್ದಿದ್ ಜನ ಅವ್ರು ಆವಾಗ. ಕಲ್ಲಿತ್ತು, ಕೈಯಿತ್ತು. ಒಡ್ದು ತೋರ್ಸಿದ್ರೆ ಆಗೋದು.”

“ಮತ್ತೆ ಯಾಕೆ ಒಡೀಲಿಲ್ಲ ಮಾವ?”

“ದೇವ್ರಿಲ್ದಿದ್ ಕಡೆ ಕಾಯಿ ಒಡ್ಯಕ್ಕೆ ಕೈ ಏಳ್ಲಿಲ್ಲ.”

ಜನರ ಬಾಯಿಯನ್ನು ಅವರು ಯಾಕೆ ಹಾಗೆ ಕಾಯುತ್ತಾರೆಂದು ನನಗೆ ಅಂದು ತಿಳಿಯಿತು. ರಾಶಿಯಲ್ಲಿ ಹುಡುಕಿ ಒಂದು ಕಾಯಿ ಆರಿಸಿ, ಅಲ್ಲಾಡಿಸಿ ಕೊಟ್ಟರು. “ಆ ಬೆಟ್ಟ ಹತ್ತು. ಅವ್ವ ಇರಕ್ಕಿಲ್ಲ, ಅವಳ ಮಕ್ಕಳಿದ್ರೂ ಇರ್ಬೋದು. ತಿಂದ್ಲಾ ಕೇಳ್ಕೊಂಡು ಬಾ.”

ಊರಿನ ಹೆಸರನ್ನು ಅವರು ಒಂದೊಂದು ಸಲ ಒಂದೊಂದು ರೀತಿ ಹೇಳುತ್ತಿದ್ದರು. ಒಕಾಯಾಮಾದ ಸುತ್ತಮುತ್ತ ಎಂಬುದಷ್ಟೇ ನನಗೆ ದಕ್ಕಿದ್ದು. ತರಬೇತಿಯ ಮೇಷ್ಟರು ನಕ್ಷೆ ಹರಡಿ, ಬೆಟ್ಟದ ತುದಿಯ ಹಾಳು ಕೋಟೆಗಳು ಇಲ್ಲಿ ಎಷ್ಟೋ ಇವೆ ಎಂದು ನಕ್ಕರು. ಮೆಟ್ಟಿಲು, ಮೂರು ಹಂತ, ಬಾವಿ ಇರುವ ಒಂದನ್ನು ಗುರುತು ಮಾಡಿಕೊಟ್ಟರು. ಭಾನುವಾರ ಹತ್ತಿದೆ. ಬುಡದಲ್ಲಿ ಶೂ ಬಿಚ್ಚಲು ಬಗ್ಗಿದವನು ಹಾಗೇ ಎದ್ದುಬಿಟ್ಟೆ.

ಆ ದಿನದ ಡೈರಿಯಲ್ಲಿ ಇಡೀ ದಿನ ಮಳೆ ಎಂದು ಬರೆದಿದ್ದೇನೆ. ನನ್ನ ನೆನಪಿನಲ್ಲಿ ಬಿಸಿಲಿದೆ. ಗಾರೆಯಿಲ್ಲದೆ ಒಂದನ್ನೊಂದು ಕಚ್ಚಿಕೊಂಡ ಕಲ್ಲುಗಳು, ಸಂದಿಗಳಲ್ಲಿ ಜರಿಗಿಡ, ಕೆಳಗೆ ಕಣಿವೆ ತುಂಬ ಮಂಜು. ಅರಮನೆಯಿದ್ದ ಕಡೆ ಮೊಣಕಾಲೆತ್ತರದ ಒಣಹುಲ್ಲು. ನನ್ನದಲ್ಲದ ಊರಿನಲ್ಲಿ, ನಾನು ಕಾಣದ ಒಬ್ಬ ಮುದುಕಿಯನ್ನು ಆ ಹುಲ್ಲಿನಲ್ಲಿ ಹುಡುಕುತ್ತಾ ನಡೆದೆ. ಮಾವ ದುಂಡಗಿತ್ತು ಎಂದಿದ್ದ ಬಾವಿ ಇಲ್ಲಿ ಚೌಕವಾಗಿತ್ತು.

ಗೋಡೆಯ ಮೇಲೆ ಒಬ್ಬ ಹೆಂಗಸು ಎರಡು ಮಕ್ಕಳೊಂದಿಗೆ ಬುತ್ತಿ ಬಿಚ್ಚಿಕೊಂಡು ಕೂತಿದ್ದಳು. ಕಲಿತಿದ್ದ ನಾಲ್ಕು ಮಾತು ಜೋಡಿಸಿ ಮುದುಕಿಯ ವಿಷಯ ಕೇಳಿದೆ. ಅವಳು ಬೇರೆ ಊರಿನವಳು. ಕಾಯಿ ಕೊಟ್ಟೆ. ಅವಳು ಅದನ್ನು ಕಿವಿಗಿಟ್ಟುಕೊಂಡು ಅಲ್ಲಾಡಿಸಿ ನಕ್ಕಳು. ನಿಜಕ್ಕೂ ನಕ್ಕಳೋ, ಮಾವನ ಕತೆಯ ನಗುವನ್ನು ನಾನೇ ಅವಳ ಮುಖಕ್ಕೆ ಅಂಟಿಸಿದೆನೋ.

ಕಾಯಿ ವಾಪಸ್ಸು ತೆಗೆದುಕೊಂಡು ಕೋಟೆಯ ಕಲ್ಲಿಗೆ ಕುಕ್ಕಿದೆ. ಎರಡನೇ ಏಟಿಗೆ ಚಿಪ್ಪು ಬಿರಿದು ಉಂಡೆ ಇಡಿಯಾಗಿ ಹೊರಗೆ ಬಂತು. ಮಕ್ಕಳು ಹಿಂದೆ ಸರಿದರು. ಚೂರು ಮಾಡಿ ಮೊದಲು ನಾನು ತಿಂದೆ. ಆಮೇಲೆ ಅವರು ತಿಂದರು. ಚಿಕ್ಕ ಹುಡುಗಿ ಮತ್ತೆ ಕೈ ಚಾಚಿದಳು.

ಊರಿಗೆ ಬಂದಾಗ ಮಾವ ಹಾರೆಯ ಮುಂದೆಯೇ ಇದ್ದರು.

“ಬೂಟು ಬುಟ್ಯಾ?”

“ಇಲ್ಲ ಮಾವ.”

“ಒಳ್ಳೇದಾಯ್ತು. ಅವ್ವ?”

“ಸಿಗಲಿಲ್ಲ. ಅದೇ ಬೆಟ್ಟವೋ ಅಲ್ಲವೋ ಅದೂ ಗೊತ್ತಿಲ್ಲ. ಬಾವಿ ಚೌಕವಾಗಿತ್ತು.”

“ದುಂಡಗಿತ್ತು.” ಕೈಯಲ್ಲಿದ್ದ ಕಾಯಿಯನ್ನು ತಿರುಗಿಸಿ ನೋಡಿ, “ಚೌಕನೂ ಇರ್ಬೋದು ಬುಡು,” ಎಂದರು.

ಕಾಯಿ ಒಡೆದದ್ದನ್ನು, ಮಕ್ಕಳು ತಿಂದದ್ದನ್ನು ಹೇಳಿದೆ.

“ಇನ್ನೊಂದು ಚೂರು ಕೇಳ್ತಾ ಮಗು?”

“ಕೇಳ್ತು.”

“ಕೇಳ್ತಾ?” ಎಂದು ಮತ್ತೆ ಕೇಳಿದರು. ಆಮೇಲೆ ಸುಲಿಯತೊಡಗಿದರು.

ಕೆಲವು ತಿಂಗಳಾದ ಮೇಲೆ ತಿಪಟೂರಿನ ಬಸ್ ನಿಲ್ದಾಣದ ಹೋಟೆಲಿನಲ್ಲಿ ಬೆನ್ನ ಹಿಂದೆ ಅವರ ದನಿ ಕೇಳಿಸಿತು. ಯಾರಿಗೋ ಹೇಳುತ್ತಿದ್ದರು: “ಚೌಕದ ಬಾವಿ ಪಕ್ಕ ಕಲ್ಲಿಗೆ ಕುಕ್ದೆ ನೋಡು, ಉಂಡೆ ಆಚೆ ಬಂತು. ಅವ್ವ ಒಂದು ಚೂರು ತಿಂದು, ಇನ್ನೊಂದು ಕೊಡಪ್ಪ ಅಂತ ಕೈ ನೀಡಿದ್ಲು.” ನಾನು ತಿರುಗಿ ನೋಡಿದೆ. ಅವರೂ ನನ್ನನ್ನು ನೋಡಿದರು. ಅಳುಕಿರಲಿಲ್ಲ. “ಬಾರಪ್ಪ, ಕಾಫಿ ಕುಡಿ,” ಎಂದು ಜಾಗ ಬಿಟ್ಟು, ಜೇಬಿನಿಂದ ಒಂದು ಚೂರು ಕೊಬ್ಬರಿ ತೆಗೆದು ಕೊಟ್ಟು ಮಾತು ಮುಂದುವರಿಸಿದರು. ನಾನು ಅದನ್ನು ಜೇಬಿಗೆ ಹಾಕಿಕೊಂಡೆ. ಅವರು ನೋಡಲಿಲ್ಲ.

ಎರಡು ವರ್ಷವಾದ ಮೇಲೆ ತೀರಿಕೊಂಡರು. ನಾನು ಬರುವಷ್ಟರಲ್ಲಿ ಮಣ್ಣಾಗಿತ್ತು. ಹಾರೆ ನೆಟ್ಟಲ್ಲೇ ಇತ್ತು. ಅತ್ತೆ, “ಕೊನೇಕೊನೇಗೆ ಚೆನ್ನಾಗಿ ನಿದ್ದೆ ಮಾಡೋರು,” ಎಂದರು. ನಾನು ಅವರಿಗೆ ನಿದ್ದೆ ಕೊಟ್ಟೆನೋ, ಅವರ ಬಳಿ ಇದ್ದ ಒಂದೇ ನಿಜವಾದ ನೆನಪನ್ನು ಕಸಿದುಕೊಂಡೆನೋ ತೀರ್ಮಾನಿಸಲಾರೆ. ಬೆರಳು ಯಾವ ಕಾಲಿನದು ಎಂದು ಅತ್ತೆಯನ್ನು ಆಗಲಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಅವರು ಬಿಟ್ಟುಕೊಟ್ಟ ಪ್ರಶ್ನೆ ಈಗ ನನ್ನೊಬ್ಬನ ಬಳಿ ಇದೆ. ಹಿಮದ ಮೇಲೆ ತನ್ನ ಕೆರ ಬಿಚ್ಚಿಕೊಟ್ಟು ಹೋದ ಆ ಮುದುಕಿ ಮನೆಗೆ ಹೋಗಿ ಆ ಕಾಯಿಯನ್ನು ಏನು ಮಾಡಿದಳು, ನನಗೆ ಗೊತ್ತಿಲ್ಲ.